ಪಾರ್ವತಮ್ಮ ರಾಜ್‌ಕುಮಾರ್

ಪಾರ್ವತಮ್ಮ ರಾಜ್‌ಕುಮಾರ್ (ಡಿಸೆಂಬರ್ 6, 1939 - ಮೇ 31, 2017) ಅವರು ಕನ್ನಡ ಚಲನಚಿತ್ರ ನಿರ್ಮಾಪಕಿ ಹಾಗೂ ವಿತರಕಿ. ವರನಟ ಡಾ. ರಾಜ್‌ಕುಮಾರ್ ಅವರ ಪತ್ನಿಯಾದ ಇವರು ಸುಮಾರು 80 ಚಿತ್ರಗಳನ್ನು ನಿರ್ಮಿಸಿದರು. ಗಂಡಸರೇ ತುಂಬಿದ್ದ ಗಾಂಧಿನಗರದ ಚಿತ್ರೋದ್ಯಮದಲ್ಲಿ ದಶಕಗಳ ಕಾಲ ಸಂಸ್ಥೆಯೊಂದನ್ನು ನಡೆಸಿದವರು. ಪತಿಯ ಕೀರ್ತಿಯ ನೆರಳಿನಲ್ಲಿ ಈ ದುಡಿಮೆ ಬಹುಕಾಲ ಪ್ರತ್ಯೇಕವಾಗಿ ಗುರುತಿಸಲ್ಪಡಲಿಲ್ಲ.

ಜನನ ಮತ್ತು ವಿವಾಹ

ಪಾರ್ವತಮ್ಮನವರು ಹುಟ್ಟಿದ್ದು ಮೈಸೂರು ಜಿಲ್ಲೆಯ ಸಾಲಿಗ್ರಾಮದಲ್ಲಿ. ತಂದೆ ಅಪ್ಪಾಜಿಗೌಡ, ತಾಯಿ ಲಕ್ಷ್ಮಮ್ಮ. 1953ರ ಜೂನ್ 25ರಂದು ನಂಜನಗೂಡಿನಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನೊಡನೆ ವಿವಾಹವಾಯಿತು. ವಧುವಿಗೆ ಆಗ 14 ವರ್ಷವೂ ತುಂಬಿರಲಿಲ್ಲ. ವರನಿನ್ನೂ ರಂಗಭೂಮಿಯ ನಟ. 'ಬೇಡರ ಕಣ್ಣಪ್ಪ' ತೆರೆಕಂಡು ಮುತ್ತುರಾಜ ರಾಜ್‌ಕುಮಾರ್ ಆದದ್ದು ಮರುವರ್ಷ, 1954ರಲ್ಲಿ. ಮದರಾಸಿನ ತುಂಬು ಕುಟುಂಬದ ಸಂಸಾರವನ್ನು ತೂಗಿಸಿದ ಅನುಭವವೇ ಮುಂದೆ ಇವರ ವ್ಯವಹಾರಕ್ಕೆ ಪಾಠಶಾಲೆಯಾಯಿತೆನ್ನಬೇಕು. ಶಿವರಾಜ್‌ಕುಮಾರ್, ರಾಘವೇಂದ್ರ ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್, ಲಕ್ಷ್ಮಿ ಮತ್ತು ಪೂರ್ಣಿಮಾ ಇವರ ಮಕ್ಕಳು. ಕುಟುಂಬವು ಬೆಂಗಳೂರಿಗೆ ಬಂದ ಮೇಲೆ ಸದಾಶಿವನಗರದಲ್ಲಿ ನೆಲೆಸಿತು.

ನಿರ್ಮಾಣ ಮತ್ತು ವಿತರಣೆ

1975ರಲ್ಲಿ ಸಿ. ವಿ. ರಾಜೇಂದ್ರನ್ ನಿರ್ದೇಶಿಸಿದ 'ತ್ರಿಮೂರ್ತಿ' ಇವರ ಮೊದಲ ನಿರ್ಮಾಣ. ಅನಂತರ ವಜ್ರೇಶ್ವರಿ ಕಂಬೈನ್ಸ್, ಪೂರ್ಣಿಮಾ ಎಂಟರ್‌ಪ್ರೈಸಸ್, ದಾಕ್ಷಾಯಿಣಿ ಕಂಬೈನ್ಸ್ ಮುಂತಾದ ಹೆಸರುಗಳಲ್ಲಿ ಚಿತ್ರಗಳು ಬಂದವು. ನಿರ್ಮಾಣದೊಂದಿಗೆ ವಿತರಣೆಯನ್ನೂ ಕೈಗೆತ್ತಿಕೊಂಡದ್ದು ಇವರ ವ್ಯವಹಾರದ ಮುಖ್ಯಾಂಶ. ಚಿತ್ರ ಯಾವ ಊರಿನ ಯಾವ ಮಂದಿರದಲ್ಲಿ ಎಷ್ಟು ವಾರ ನಿಲ್ಲಬೇಕು, ಗಳಿಕೆಯಲ್ಲಿ ಯಾರ ಪಾಲೆಷ್ಟು ಎಂಬುದು ನಿರ್ಧಾರವಾಗುತ್ತಿದ್ದುದು ವಿತರಕರ ಮೇಜಿನ ಮೇಲೆ. ಆ ಮೇಜು ತಮ್ಮದೇ ಆದಾಗ ನಷ್ಟದ ಭಯವೂ ತಮ್ಮದೇ, ಆದರೆ ಬೇರೆಯವರ ಲೆಕ್ಕಪುಸ್ತಕವನ್ನು ನಂಬಿ ಕುಳಿತಿರಬೇಕಾದ ಪ್ರಸಂಗವಿಲ್ಲ. ರಾಜ್‌ಕುಮಾರ್ ಅವರ ಸಹೋದರ ಎಸ್. ಪಿ. ವರದರಾಜ್ ಹಾಗೂ ಪಾರ್ವತಮ್ಮನವರ ಸೋದರರಾದ ಎಸ್. ಎ. ಗೋವಿಂದರಾಜ್, ಎಸ್. ಎ. ಚಿನ್ನೇಗೌಡ, ಎಸ್. ಎ. ಶ್ರೀನಿವಾಸ್ ಅವರೂ ಚಿತ್ರೋದ್ಯಮದಲ್ಲಿ ತೊಡಗಿದ್ದರು.

1978ರ 'ಶಂಕರ್ ಗುರು' ದೊಡ್ಡ ಯಶಸ್ಸು. ರಾಜ್‌ಕುಮಾರ್ ತ್ರಿಪಾತ್ರದಲ್ಲಿ ನಟಿಸಿದ ಈ ಚಿತ್ರ ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ 200ನೆಯ ಚಿತ್ರ 'ತ್ರಿಶೂಲಂ' ಆಗಿಯೂ, ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಅವರ 'ಮಹಾನ್' ಆಗಿಯೂ ಮರುರೂಪ ಪಡೆಯಿತು. ಪರಭಾಷೆಯ ಕಥೆ ಕನ್ನಡಕ್ಕೆ ಬರುವುದೇ ವಾಡಿಕೆ ಎಂದು ತಿಳಿದವರು ಗಮನಿಸಬೇಕಾದ ಸಂಗತಿ ಇದು.

ಪಾರ್ವತಮ್ಮನವರು ಕನ್ನಡ ಕಾದಂಬರಿಗಳ ಓದುಗರಾಗಿದ್ದರು. ಕಥೆಯ ಆಯ್ಕೆಯಲ್ಲಿ ಈ ಓದು ಕೆಲಸ ಮಾಡಿತು. ಮೂರು ವರ್ಷಗಳ ಬಿಡುವಿನ ನಂತರ ರಾಜ್‌ಕುಮಾರ್ ಮರಳಿ ನಟಿಸಿದ 'ಜೀವನ ಚೈತ್ರ' (1992) ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿಯನ್ನು ಆಧರಿಸಿದುದು. ಟಿ. ಎಸ್. ನಾಗಾಭರಣ ನಿರ್ದೇಶನದ 'ಜನುಮದ ಜೋಡಿ' (1996) ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿಯಿಂದ ಹುಟ್ಟಿತು.

ಈ ಸಾಲಿನಲ್ಲಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ 'ಬೆಟ್ಟದ ಹೂವು' (1985) ವಿಶೇಷ ಉಲ್ಲೇಖಕ್ಕೆ ಅರ್ಹ. ಶರ್ಲಿ ಅರೋರ ಅವರ ಇಂಗ್ಲಿಷ್ ಮಕ್ಕಳ ಕಾದಂಬರಿ ಇದಕ್ಕೆ ಆಧಾರ. ಬಡ ಹುಡುಗನೊಬ್ಬ ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ' ಕೊಳ್ಳಲು ಬೆಟ್ಟದ ಹೂಗಳನ್ನು ಆಯ್ದು ಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣದಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಹೊಡೆದಾಟವಿಲ್ಲದ, ಪುಸ್ತಕವೊಂದರ ಆಸೆಯ ಸುತ್ತ ನಡೆಯುವ ಕಥೆಗೆ ಹಣ ಹೂಡುವುದು ಸಣ್ಣ ಧೈರ್ಯವಲ್ಲ. ಚಿತ್ರಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಪುನೀತ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿಯೂ ದೊರೆತವು.

ಅದೇ ನಿರ್ಮಾಪಕಿಯೇ ಹತ್ತು ವರ್ಷಗಳ ಬಳಿಕ ಭೂಗತ ಲೋಕದ ಕಥೆಯ 'ಓಂ' (1995) ಚಿತ್ರವನ್ನು ಯುವ ನಿರ್ದೇಶಕ ಉಪೇಂದ್ರ ಅವರ ಕೈಗೆ ಒಪ್ಪಿಸಿದರು. ಅದು ಮರುಬಿಡುಗಡೆಗಳ ಸಂಖ್ಯೆಗಾಗಿಯೇ ಹೆಸರಾಯಿತು.

ಹೊಸಬರ ಪರಿಚಯ

ಮೂವರು ಮಕ್ಕಳೂ ನಾಯಕರಾದದ್ದು ಕುಟುಂಬದ ಚಿತ್ರಗಳ ಮೂಲಕವೇ. ನಾಯಕಿಯರಾಗಿ ಸುಧಾರಾಣಿ ('ಆನಂದ್', 1986), ಮಾಲಾಶ್ರೀ ('ನಂಜುಂಡಿ ಕಲ್ಯಾಣ', 1989), ಪ್ರೇಮಾ ('ಸವ್ಯಸಾಚಿ', 1995), ರಕ್ಷಿತಾ ('ಅಪ್ಪು', 2002) ಮತ್ತು ರಮ್ಯಾ ('ಅಭಿ', 2003) ಈ ಮನೆಯ ಚಿತ್ರಗಳಿಂದ ಬೆಳಕಿಗೆ ಬಂದರು. ಕುಟುಂಬದ ಸಂಸ್ಥೆಗಳು ಕುಟುಂಬದ ನಟರಿಗೇ ಮೀಸಲಾದವು ಎಂಬ ಟೀಕೆಯೂ ಇತ್ತು. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ನಾಯಕಿಯರ ಆಯ್ಕೆಯಲ್ಲಿ ಆ ಬಾಗಿಲು ಹೊರಗಿನವರಿಗೆ ತೆರೆದೇ ಇತ್ತು.

ಕೊನೆಯ ವರ್ಷಗಳು

2000ದ ಜುಲೈ 30ರಂದು ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. 108 ದಿನಗಳ ನಂತರ ಅವರ ಬಿಡುಗಡೆಯಾಯಿತು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ನಿಧನರಾದ ಮೇಲೂ ಪಾರ್ವತಮ್ಮನವರು ನಿರ್ಮಾಣವನ್ನು ಕೈಬಿಡಲಿಲ್ಲ. 2012ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

ಅನಾರೋಗ್ಯದಿಂದ ಬೆಂಗಳೂರಿನ ಎಂ. ಎಸ್. ರಾಮಯ್ಯ ಆಸ್ಪತ್ರೆಗೆ ದಾಖಲಾಗಿದ್ದ ಅವರು 2017ರ ಮೇ 31ರ ಮುಂಜಾವದಲ್ಲಿ ನಿಧನರಾದರು. ಪತಿಯಂತೆಯೇ ಇವರ ಕಣ್ಣುಗಳನ್ನೂ ದಾನ ಮಾಡಲಾಯಿತು. ಯಶವಂತಪುರದ ಸಮೀಪದ ಕಂಠೀರವ ಸ್ಟುಡಿಯೋದಲ್ಲಿ ರಾಜ್‌ಕುಮಾರ್ ಅವರ ಸಮಾಧಿಯ ಪಕ್ಕದಲ್ಲಿ ಅಂತ್ಯಸಂಸ್ಕಾರ ನಡೆಯಿತು. ಪುನೀತ್ ಸ್ಥಾಪಿಸಿದ ಪಿಆರ್‌ಕೆ ಪ್ರೊಡಕ್ಷನ್ಸ್ ತಾಯಿಯ ಹೆಸರಿನ ಮೊದಲಕ್ಷರಗಳನ್ನು ಹೊತ್ತಿದೆ. ಅದರ ಮೊದಲ ಚಿತ್ರ 'ಕವಲುದಾರಿ' 2019ರಲ್ಲಿ ತೆರೆಕಂಡಿತು. 2021ರ ಅಕ್ಟೋಬರ್‌ನಲ್ಲಿ ನಿಧನರಾದ ಪುನೀತ್ ಅವರ ಸಮಾಧಿಯೂ ತಂದೆತಾಯಿಯರ ಸಮಾಧಿಗಳ ಬಳಿಯಲ್ಲೇ ಇದೆ.