ಮುಂದಾಗಿ ಹೋಗಿ ನೀರು ನೋಡಿ ಬಂದವರು

ಲಂಬಾಣಿಗರ ತಾಂಡಾ ಬೀಡು ಕೀಳುವ ಮೊದಲೇ ಇಬ್ಬರು ಮೂವರು ಗಂಡಸರು ದಾರಿ ಹಿಡಿದಿರುತ್ತಿದ್ದರು. ಅವರ ಹಿಂದೆ ಬರಬೇಕಾದದ್ದು ನೂರಾರು ಹೇರೆತ್ತುಗಳು, ಅವುಗಳ ಬೆನ್ನ ಮೇಲೆ ಉಪ್ಪು, ಅಕ್ಕಿ, ಜೋಳದ ಗೋಣಿಗಳು, ಜೊತೆಗೆ ಹೆಂಗಸರು, ಹಸುಗೂಸುಗಳು, ಮುದುಕರು, ಕಾವಲಿನ ನಾಯಿಗಳು. ಅಷ್ಟು ಜೀವಗಳು ಎಲ್ಲಿ ಇಳಿಯಬೇಕೆಂಬುದನ್ನು ಹೊತ್ತು ಮುಳುಗಿದ ಮೇಲೆ ಯೋಚಿಸುವಂತಿರಲಿಲ್ಲ. ಹಳ್ಳದ ನೀರು ಹರಿಯುತ್ತಿದೆಯೋ ನಿಂತಿದೆಯೋ, ಎತ್ತು ಇಳಿದು ಕುಡಿಯುವಷ್ಟು ದಂಡೆ ತಗ್ಗಾಗಿದೆಯೋ, ಹುಲ್ಲು ಎಷ್ಟು ದಿನಕ್ಕೆ ಸಾಕು, ಹತ್ತಿರದ ಊರಿನ ಗೌಡ ಎಂಥವನು, ಸುಂಕ ಕೇಳುವವರು ಯಾರು ಎಂಬುದನ್ನೆಲ್ಲ ಮುಂದೆ ಹೋದವರು ನೋಡಿಕೊಂಡು ಬರಬೇಕಿತ್ತು. ಅವರು ತಂದ ಸುದ್ದಿಯನ್ನು ನಾಯಕ ಮತ್ತು ಕಾರಭಾರಿ ಕೂತು ತೂಗಿದ ಮೇಲೆಯೇ ಗೋಣಿ ಎತ್ತಿನ ಮೇಲೇರುತ್ತಿದ್ದದ್ದು.

ಈಗಿನ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ ಸೂರಗೊಂಡನಕೊಪ್ಪ ಎಂಬ ಊರಿದೆ. ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಇಲ್ಲಿ ಹುಟ್ಟಿದರೆಂಬುದು ಬಂಜಾರರೆಂದೂ ಕರೆಯುವ ಲಂಬಾಣಿಗರ ನಂಬಿಕೆ. ಪ್ರತಿ ವರ್ಷ ಆ ಹೊತ್ತಿಗೆ ಮಾಲೆ ಧರಿಸಿದ ಭಕ್ತರು ನಡೆದುಕೊಂಡು ಬರುತ್ತಾರೆ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಬಸ್ಸುಗಳು ಬರುತ್ತವೆ. ಸದಾ ಸಂಚಾರದಲ್ಲಿದ್ದ ಜನಕ್ಕೆ ಇದು ಒಂದು ಕಡೆ ನೆಲೆನಿಂತ ನೆನಪು. ಅವರ ದಾರಿ ಇಲ್ಲಿ ಹಾದುಹೋಗುತ್ತಿದ್ದುದಕ್ಕೆ ಭೂಗೋಳವೂ ಕಾರಣ. ನ್ಯಾಮತಿಯ ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಒಂದು ಕಡೆಯ ಅಡಿಕೆ, ಬೆಲ್ಲ ಇನ್ನೊಂದು ಕಡೆಗೆ ಹೋಗಬೇಕು. ಆ ಕಡೆಯ ಕಾಳು, ಬಟ್ಟೆ ಈ ಕಡೆಗೆ ಬರಬೇಕು. 19ನೇ ಶತಮಾನದ ನ್ಯಾಮತಿ ಈ ವಿನಿಮಯದಿಂದಲೇ ಬೆಳೆದ ಪೇಟೆ. ಅಲ್ಲಿನ ಲಿಂಗಾಯತ ವರ್ತಕರು ಸುತ್ತಲಿನ ಬೆಲ್ಲವನ್ನು ಕೊಂಡು ಧಾರವಾಡ, ಬಳ್ಳಾರಿ ಸೀಮೆಗೆ ಕಳಿಸುತ್ತಿದ್ದರು. 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಗೆ ಸೇರಿದ ಈ ಊರಿಗೆ ತಾಲ್ಲೂಕಿನ ಬೋರ್ಡು ಬಂದದ್ದು ತಡವಾಗಿ. ಪೇಟೆಯ ವ್ಯವಹಾರ ಅದಕ್ಕಿಂತ ಎಷ್ಟೋ ಹಳೆಯದು.

ಲಂಬಾಣಿಗರ ಕಣ್ಣಿನ ಬೆಲೆ ಸೈನ್ಯಗಳಿಗೂ ಗೊತ್ತಿತ್ತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್, ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು ಶಿಕಾರಿಪುರದ ಕಡೆ ದಂಡು ಕಟ್ಟಿದ. ಅವನನ್ನು ಅಟ್ಟಿಸಿಕೊಂಡು ಹೋದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಗೆ ಎದುರಾಳಿಯ ಕುದುರೆಗಳಷ್ಟೇ ದೊಡ್ಡ ಚಿಂತೆ ತನ್ನ ಸಿಪಾಯಿಗಳ ಅಕ್ಕಿಯದು. ಆ ಅಕ್ಕಿಯನ್ನು ಹೊತ್ತು ನಡೆದದ್ದು ಬಂಜಾರರ ಎತ್ತುಗಳು. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ಸತ್ತ. ಆ ಬೆನ್ನಟ್ಟುವಿಕೆಯ ಕಥೆಯಲ್ಲಿ ವೆಲ್ಲೆಸ್ಲಿಯ ಹೆಸರು ಉಳಿದಿದೆ. ದಾರಿ, ನೀರು, ಹುಲ್ಲು ನೋಡಿಕೊಟ್ಟ ನಾಯಕರ ಹೆಸರೂ ಅದರಲ್ಲಿ ಇರಬೇಕಿತ್ತು.

ಮುಂದಾಗಿ ಹೋಗಿ ನೋಡುವುದಕ್ಕೆ ಸಮಯ ಬೇಕು. ಯುದ್ಧಕಾಲದಲ್ಲಿ ಅದು ಸಿಗುತ್ತಿರಲಿಲ್ಲ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಇಲ್ಲಿನ ವಲಸೆಯನ್ನು ವಿವರಿಸಿದ್ದಾನೆ. ಶತ್ರುವಿನ ದಂಡು ಬರುವ ಸುದ್ದಿ ಮುಟ್ಟಿದ ಕೂಡಲೇ ಭಾರದ ಸಾಮಾನನ್ನು ನೆಲದಲ್ಲಿ ಹೂತು, ಆರು ವರ್ಷ ದಾಟಿದ ಮಕ್ಕಳ ತಲೆಯ ಮೇಲೂ ಶಕ್ತಿಗೆ ತಕ್ಕಷ್ಟು ಕಾಳಿನ ಹೊರೆ ಇಟ್ಟು ಊರಿಗೆ ಊರೇ ಹೊರಟುಬಿಡುತ್ತಿತ್ತು. ಹೋಗುತ್ತಿದ್ದದ್ದು ಕೋಟೆಗೆ, ಇಲ್ಲವೇ ಗುಡ್ಡ ಕಾಡಿಗೆ. ಶಿವಮೊಗ್ಗದ ಸೀಮೆ 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡಿನ ಕೈಯಲ್ಲಿ ಕಂಡ ಪಾಡು ಅಂಥದ್ದು. ಹತ್ತು ವರ್ಷ ಕಳೆದ ಮೇಲೆ, 1801ರಲ್ಲಿ, ಕಂಪನಿ ಸರ್ಕಾರದ ಪರವಾಗಿ ನಾಡು ನೋಡಲು ಬಂದ ಫ್ರಾನ್ಸಿಸ್ ಬುಕಾನನ್ ಶಿವಮೊಗ್ಗದಿಂದ ಹರಿಹರ, ದಾವಣಗೆರೆ ಹಾದು ಚಿತ್ರದುರ್ಗಕ್ಕೆ ಹೋದ. ಅವನು ಕೇಳಿದ್ದೂ ಬಹುಪಾಲು ತಾಂಡಾದಿಂದ ಮುಂದೆ ಹೋದವನು ಕೇಳುತ್ತಿದ್ದ ಪ್ರಶ್ನೆಗಳನ್ನೇ: ಮಣ್ಣು ಎಂಥದು, ಕೆರೆ ಎಷ್ಟು, ಕಂದಾಯ ಎಷ್ಟು, ಜನ ಯಾರು. ಒಂದೇ ವ್ಯತ್ಯಾಸವೆಂದರೆ, ತಾಂಡಾದವನು ತನ್ನ ಹೆಂಡತಿ ಮಕ್ಕಳನ್ನು ಅದೇ ನೆಲಕ್ಕೆ ಕರೆತರಬೇಕಿತ್ತು.

ಹೀಗೆ ಖಾಲಿಯಾದ ನೆಲಕ್ಕೆ ಮತ್ತೆ ಒಕ್ಕಲು ತರುವುದು ಆಳುವವರ ತಲೆನೋವು. ಅದಕ್ಕಾಗಿ ಕೌಲು ಎಂಬ ಕರಾರುಪತ್ರ ಕೊಡುತ್ತಿದ್ದರು. ಬೀಳುಬಿದ್ದ ಜಮೀನಿಗೆ ಮೊದಲ ವರ್ಷ ಅಲ್ಪ ಕಂದಾಯ, ಆಮೇಲೆ ವರ್ಷ ವರ್ಷಕ್ಕೆ ಏರಿಸುತ್ತ ಪೂರ್ತಿ ಕಂದಾಯಕ್ಕೆ ತರುವ ಶ್ರಾಯದ ಪದ್ಧತಿ ಮೈಸೂರು ಸೀಮೆಯಲ್ಲಿ ರೂಢಿಯಲ್ಲಿತ್ತು. ಹೊಸದಾಗಿ ಬಂದ ಸಂಸಾರ ಮನೆ ಕಟ್ಟಿ, ಎತ್ತು ಕೊಂಡು, ಒಂದೆರಡು ಬೆಳೆ ತೆಗೆಯುವವರೆಗೆ ಉಸಿರಾಡಲಿ ಎಂಬ ಲೆಕ್ಕ ಅದು. ಪೇಟೆ ಎಬ್ಬಿಸುವುದಕ್ಕೂ ಇಂಥದ್ದೇ ಆಸರೆ ಬೇಕಿತ್ತು. ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿ ದಾವಣಗೆರೆಯನ್ನು ಹೈದರಾಲಿ ಅಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಅಪೋಜಿರಾಮ ವರ್ತಕರನ್ನು ಕರೆದು ಕೂರಿಸಿದ. ಇಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನವರು ಮಕ್ಕಳ ಓದಿಗೆ, ಆಸ್ಪತ್ರೆಗೆ, ಮದುವೆ ಜವಳಿಗೆ ಎಡತಾಕುವ ನಗರದ ಹುಟ್ಟು, ಯಾರೋ ಕೆಲವು ವ್ಯಾಪಾರಿಗಳು ಮೊದಲು ಬಂದು ನೋಡಿ, ಆಗಬಹುದೆಂದು ಹೇಳಿ, ಆಮೇಲೆ ಮನೆಮಂದಿಯನ್ನು ಕರೆಸಿಕೊಂಡದ್ದರಲ್ಲಿದೆ.

ಅರಸರೂ ಮನೆ ಬದಲಿಸುತ್ತಿದ್ದರು. ತರೀಕೆರೆ ಪಾಳೆಯಗಾರರ ಮೂಲ ನೆಲೆ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ. ಅಲ್ಲಿಂದ ಸಂತೆಬೆನ್ನೂರು, ಬಿಜಾಪುರದ ಸೈನ್ಯ ಬಂದ ಮೇಲೆ ಕಾಲ್ದುರ್ಗ, ಕೊನೆಗೆ ತರೀಕೆರೆ. ಸಂತೆಬೆನ್ನೂರಿನಲ್ಲಿ ಕೆಂಗ ಹನುಮಪ್ಪ ನಾಯಕನ ಹೆಸರಿನ ಜೊತೆ ನೆನೆಯುವ ಪುಷ್ಕರಣಿಯೂ, ಅದರ ಪಕ್ಕದಲ್ಲೇ ಮುಸಾಫಿರ್‌ಖಾನೆ ಎಂದು ಜನ ಕರೆಯುವ ಕಟ್ಟಡವೂ ಈಗಲೂ ನಿಂತಿವೆ. ಪುಷ್ಕರಣಿಗೆ ಇಳಿಯುವ ಮೆಟ್ಟಿಲುಗಳ ಸಾಲು, ನೀರ ನಡುವಿನ ಮಂಟಪ ನೋಡಿದವರಿಗೆ ಗೊತ್ತಾಗುತ್ತದೆ, ಇಲ್ಲಿಂದ ಎದ್ದು ಹೋಗುವುದು ಕಟ್ಟಿಸಿದವರಿಗೆ ಎಷ್ಟು ಕಷ್ಟವಾಗಿದ್ದಿರಬೇಕು ಎಂದು. 

ಚನ್ನಗಿರಿ ತಾಲ್ಲೂಕಿನದೇ ಆದ ಸೂಳೆಕೆರೆಗೆ, ಈಗಿನ ಶಾಂತಿಸಾಗರಕ್ಕೆ, ಇನ್ನೊಂದು ಬಗೆಯ ಕಥೆಯಿದೆ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹರಿದ್ರಾ ನದಿಗೆ ಸಣ್ಣ ಏರಿ ಹಾಕಿ ಕಟ್ಟಿದ ಈ ಕೆರೆಯ ಸುತ್ತಳತೆ 40 ಮೈಲಿ ಎಂದು ಹಳೆಯ ಗೆಜೆಟಿಯರ್ ಬರೆದಿದೆ. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಮುಳುಗುವ ನೆಲ ವೇಶ್ಯೆಯರಿಗೆ ಸೇರಿತ್ತಂತೆ. ಕೆರೆಗೆ ತಮ್ಮ ಹೆಸರಿಡಬೇಕು ಎಂಬ ಕರಾರಿನ ಮೇಲೆ ಅವರು ಜಾಗ ಬಿಟ್ಟರಂತೆ. ಐತಿಹ್ಯವೇ ಇರಲಿ, ನೀರಿಗಾಗಿ ನೆಲ ಬಿಟ್ಟು ಎದ್ದವರ ಮಾತನ್ನು ಇಷ್ಟು ಗೌರವದಿಂದ ನೆನಪಿಟ್ಟುಕೊಂಡ ಕಥೆ ನಾಡಿನಲ್ಲಿ ಹೆಚ್ಚಿಲ್ಲ. ಆಮೇಲಿನ ಅಣೆಕಟ್ಟುಗಳ ಕಾಲದಲ್ಲಿ ಮುಳುಗಿದವರಿಗೆ ಕರಾರು ಹಾಕುವ ಅವಕಾಶ ಸಿಕ್ಕದ್ದು ಅಪರೂಪ.

ಲಕ್ಕವಳ್ಳಿಯಲ್ಲಿ 1947ರಲ್ಲಿ ಕೆಲಸ ಶುರುವಾದ ಭದ್ರಾ ಅಣೆಕಟ್ಟು ಈ ನಾಲ್ಕು ತಾಲ್ಲೂಕುಗಳ ಹಣೆಬರಹವನ್ನು ಎರಡು ಪಾಲು ಮಾಡಿತು. ಚನ್ನಗಿರಿ, ಹೊನ್ನಾಳಿಯ ಕಡೆ ನಾಲೆ ಹರಿದಲ್ಲಿ ಭತ್ತದ ಗದ್ದೆ, ಆಮೇಲೆ ಅಡಿಕೆ ತೋಟ. ಚನ್ನಗಿರಿಯ ಸಹಕಾರ ಸಂಘ ತುಮ್‌ಕೋಸ್‌ನ ಹೆಸರು ಇಂದು ಅಡಿಕೆ ಧಾರಣೆಯ ಜೊತೆಗೇ ಕೇಳಿಬರುತ್ತದೆ. ನಾಲೆ ಮುಟ್ಟದ ಜಗಳೂರಿನಲ್ಲಿ ಮಳೆಯಾಶ್ರಿತ ಹೊಲ, ಬತ್ತುವ ಕೆರೆ, ಆಳಕ್ಕೆ ಇಳಿಯುತ್ತಲೇ ಹೋದ ಕೊಳವೆಬಾವಿ, ಆ ಬಾವಿಯ ನೀರಿನಲ್ಲಿ ಫ್ಲೋರೈಡ್. ಇದೇ ಹೊತ್ತಿಗೆ ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ, 1953ರಲ್ಲಿ ನೀರು ಬಿಟ್ಟ ಮೇಲೆ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಗೆ ಕೃಷ್ಣಾ–ಗೋದಾವರಿ ತೀರದ ರೈತರು ಬಂದರು. ಮೊದಲು ಒಬ್ಬಿಬ್ಬರು ಬಂದು ಮಣ್ಣು ಮುಟ್ಟಿ, ನಾಲೆಯ ಮಟ್ಟ ನೋಡಿ, ಬೆಲೆ ವಿಚಾರಿಸಿ ಹೋದರು. ಅಲ್ಲಿ ಸ್ವಲ್ಪ ಮಾರಿ ಇಲ್ಲಿ ಹೆಚ್ಚು ಕೊಂಡರು. ಆಮೇಲೆ ಸಂಸಾರ ಸಮೇತ ಕ್ಯಾಂಪುಗಳು ಎದ್ದವು. ನೀರಿನ ಬೆಲೆಯನ್ನು ಮೊದಲೇ ಬಲ್ಲವರು ಹೊಸ ನೆಲವನ್ನು ಅಗ್ಗಕ್ಕೆ ಪಡೆದರು. ಈ ನೆಲದಲ್ಲೇ ಹುಟ್ಟಿ ಬೆಳೆದು, ನಾಲೆ ನೀರಿನ ಬೇಸಾಯ ಗೊತ್ತಿಲ್ಲದೆ ಮಾರಿದವರ ಪಾಲಿಗೆ ಅದು ಕಳೆದುಕೊಂಡ ಆಸ್ತಿ.

ಈ ಸೀಮೆಯ ಹೆಂಗಸರು ಊರು ನೋಡುವ ವಿದ್ಯೆಯನ್ನು ಬೇರೆ ದಾರಿಯಲ್ಲಿ ಕಲಿತವರು. ಹೆಣ್ಣು ಕೊಡುವ ಮೊದಲು ಹೆಣ್ಣಿನ ಕಡೆಯವರು ‘ಮನೆ ನೋಡೋಕೆ’ ಹೋಗುತ್ತಾರೆ. ಗಂಡಸರು ಪಡಸಾಲೆಯಲ್ಲಿ ಕೂತು ಹೊಲ, ಸಾಲ, ಪಾಲಿನ ಮಾತಾಡುತ್ತಿರುವಾಗ ಸೋದರತ್ತೆಯೋ ದೊಡ್ಡಮ್ಮನೋ ಕೈಕಾಲು ತೊಳೆಯುವ ನೆವದಲ್ಲಿ ಹಿತ್ತಿಲಿಗೆ ಹೋಗುತ್ತಾಳೆ. ಕೊಡಗಳು ಎಷ್ಟಿವೆ, ಹಂಡೆ ತುಂಬಿದೆಯೋ ಇಲ್ಲವೋ, ಬಣವೆ ಎಷ್ಟು ಎತ್ತರ, ಕೊಟ್ಟಿಗೆಯ ದನದ ಮೈ ಹೇಗಿದೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಪಕ್ಕದ ಮನೆಯ ಬಾಗಿಲಲ್ಲಿ ನಿಂತವಳನ್ನು ಕೇಳುವ ಮಾತು ಚಿಕ್ಕದು: “ಯವ್ವಾ, ಬೇಸಿಗ್ಯಾಗೆ ನೀರು ಹೆಂಗೈತಿ? ಎಷ್ಟು ದೂರ ಹೋಗ್ಬೇಕು?” ಮದುವೆಯಾಗಿ ಬರುವ ಹುಡುಗಿ ಮುಂದಿನ ನಲವತ್ತು ವರ್ಷ ಹೊರಬೇಕಾದ ಕೊಡದ ಭಾರ ಆ ಉತ್ತರದಲ್ಲಿರುತ್ತದೆ. ಬರದ ಸೀಮೆಯ ಎಷ್ಟೋ ಸಂಬಂಧಗಳು ಜಾತಕಕ್ಕಿಂತ ಮೊದಲು ಇಲ್ಲೇ ನಿಂತುಬಿಡುತ್ತವೆ. ಇದನ್ನು ಸಣ್ಣ ಲೆಕ್ಕಾಚಾರ ಎನ್ನುವಂತಿಲ್ಲ. 1876ರಿಂದ 78ರ ಧಾತು–ಈಶ್ವರ ಬರದ ನಂತರ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿದ್ದ 50 ಲಕ್ಷದಿಂದ 1881ಕ್ಕೆ 42 ಲಕ್ಷದ ಒಳಗೆ ಇಳಿದಿತ್ತು. ಅದನ್ನು ಬದುಕಿ ಬಂದ ಅಜ್ಜಿಯರು ನೀರಿನ ವಿಚಾರದಲ್ಲಿ ಮೊಮ್ಮಕ್ಕಳಿಗೆ ಹೇಳಿಕೊಟ್ಟ ಎಚ್ಚರ ಇದು.

ಈಗ ಇದೇ ಎಚ್ಚರ ದಾವಣಗೆರೆಯ ಬಾಡಿಗೆ ಮನೆಗಳ ಬಾಗಿಲಲ್ಲಿ ಕಾಣುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಊರುಗಳಲ್ಲಿ ರೈಲು ನಿಲ್ದಾಣವಿಲ್ಲ. ದಾವಣಗೆರೆಗೆ 19ನೇ ಶತಮಾನದಲ್ಲೇ ರೈಲು ಬಂತು, 1930ರ ದಶಕದಿಂದ ಹತ್ತಿ ಗಿರಣಿಗಳು ಬಂದವು, 1951ರಲ್ಲಿ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂದವು. ಮೊದಲು ಗಿರಣಿ ಕೆಲಸಕ್ಕೆ ಅಣ್ಣ ಬಂದು, ಗೆಳೆಯನ ಕೋಣೆಯಲ್ಲಿ ಉಳಿದು, ಊರು ಗೊತ್ತಾದ ಮೇಲೆ ತಮ್ಮನನ್ನು ಕರೆಸುತ್ತಿದ್ದ. ಈಗ ಮಕ್ಕಳ ಓದಿಗೆ ತಾಯಿ ಬರುತ್ತಾಳೆ, ತಂದೆ ತೋಟ ನೋಡಿಕೊಂಡು ಊರಲ್ಲೇ ಉಳಿಯುತ್ತಾನೆ. ಮನೆ ಹುಡುಕಲು ಬಂದವರು ಅಡ್ವಾನ್ಸ್ ಎಷ್ಟೆಂದು ಕೇಳುವ ಮೊದಲು ಸಂಪಿನ ಮುಚ್ಚಳ ತೆಗೆಸುತ್ತಾರೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಎಂದು ವಿಚಾರಿಸುತ್ತಾರೆ. ಆಷಾಢ ಕಳೆಯಲಿ ಎಂದು ಕಾಯುತ್ತಾರೆ, ಹಾಲುಕ್ಕಿಸಿ ಒಳಗೆ ಬರುತ್ತಾರೆ.

ಆದರೆ ಎಲ್ಲರಿಗೂ ಸಂಪು ನೋಡುವ ಭಾಗ್ಯವಿಲ್ಲ. ಜಗಳೂರಿನ ಹಳ್ಳಿಗಳಿಂದ, ಸುತ್ತಲಿನ ತಾಂಡಾಗಳಿಂದ ಇಂದಿಗೂ ಕುಟುಂಬಗಳು ಗುಳೆ ಹೋಗುತ್ತವೆ: ಚಿಕ್ಕಮಗಳೂರಿನ ಕಾಫಿ ಕೊಯ್ಲಿಗೆ, ಮಂಡ್ಯದ ಕಡೆಯ ಕಬ್ಬು ಕಡಿಯಲು. ಹೋಗುವ ಜಾಗವನ್ನು ನೋಡಿ ಬಂದಿರುವವನು ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ ಒಬ್ಬನೇ. ತೋಟದ ಆಳುಗಳ ಲೈನ್ ಮನೆಗೆ ಸೂರಿದೆಯೇ, ಹೆಂಗಸರಿಗೆ ಬಚ್ಚಲಿದೆಯೇ, ಕೂಸನ್ನು ಬಿಡಲು ಅಂಗನವಾಡಿ ಎಷ್ಟು ದೂರ ಎಂದು ಅವನು ನೋಡಿದ್ದಾನೋ ಇಲ್ಲವೋ, ಮುಂಗಡ ಕೈಗೆ ಬಂದ ಮೇಲೆ ಕೇಳುವ ಬಾಯಿ ಕಟ್ಟಿಹೋಗುತ್ತದೆ. ಎತ್ತಿಗೆ ದಂಡೆ ತಗ್ಗಾಗಿದೆಯೇ ಎಂದು ಮುಂದೆ ಹೋಗಿ ನೋಡುತ್ತಿದ್ದ ಜನದ ಮೊಮ್ಮಕ್ಕಳು ಲಾರಿಯಿಂದ ಇಳಿದ ಮೇಲೆಯೇ ನೀರಿನ ನಲ್ಲಿ ಎಲ್ಲಿದೆಯೆಂದು ಹುಡುಕುವಂತಾಗಿದೆ. ಇದು ಆಗಬಾರದಿತ್ತು. 1976ರ ಜೀತ ನಿರ್ಮೂಲನೆ ಕಾಯ್ದೆ ಮುಂಗಡ ಕೊಟ್ಟು ದುಡಿಮೆಯನ್ನು ಒತ್ತೆಯಿಡುವುದನ್ನು ನಿಷೇಧಿಸಿತು. ವಲಸೆ ಕಾರ್ಮಿಕರಿಗೆ ವಸತಿ, ಪ್ರಯಾಣಭತ್ಯೆ ಕೊಡಬೇಕೆಂದ 1979ರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಇತ್ತು. ಜಗಳೂರಿನಿಂದ ಚಿಕ್ಕಮಗಳೂರಿಗೆ ಹೋದವರು ಅದರ ಲೆಕ್ಕಕ್ಕೇ ಬರಲಿಲ್ಲ.

ಗುಳೆ ತಡೆಯಲು ಪ್ರಯತ್ನಗಳು ನಡೆದಿವೆ. ಉದ್ಯೋಗ ಖಾತರಿ ಯೋಜನೆ 2006ರಲ್ಲಿ ಆರಂಭವಾದಾಗ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ದಾವಣಗೆರೆಯೂ ಇತ್ತು. ಹರಿಹರ ತಾಲ್ಲೂಕಿನ ದೀಟೂರಿನಿಂದ ತುಂಗಭದ್ರೆಯ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ಹಲವು ವರ್ಷದ ಹೋರಾಟದ ಫಲ. ಕೆರೆಗೆ ನೀರು ಬಂದ ಕಡೆ ಹೊಲದವರಿಗೆ ಊರಲ್ಲಿ ಉಳಿಯುವ ಕಾರಣವೂ ಬಂದಿದೆ. ಹೊಲವೇ ಇಲ್ಲದವರು ಹೊರಡುವುದು ಇನ್ನೂ ನಿಂತಿಲ್ಲ. ಅವರಿಗಾಗಿ ಗ್ರಾಮ ಪಂಚಾಯಿತಿ ಮಾಡಬಹುದಾದ ಒಂದು ಕೆಲಸ ಹಳೆಯ ತಾಂಡಾಗಳಿಗೆ ಗೊತ್ತೇ ಇತ್ತು: ಪಂಚಾಯಿತಿ ಖರ್ಚಿನಲ್ಲಿ ಇಬ್ಬರನ್ನು, ಅವರಲ್ಲಿ ಒಬ್ಬ ಹೆಂಗಸನ್ನು, ಮುಂದಾಗಿ ತೋಟಕ್ಕೆ ಕಳಿಸಿ ಲೈನ್ ಮನೆ, ನೀರು, ಶಾಲೆ ನೋಡಿಸಿಕೊಂಡು ಬರುವುದು, ಅವರು ಒಪ್ಪಿದ ಮೇಲೆ ಮಾತ್ರ ಮುಂಗಡ ಮುಟ್ಟುವುದು. ಕಾಫಿ ಕೊಯ್ಲು ಬಿರುಸಾಗುವುದು ದೀಪಾವಳಿ ಕಳೆದ ಮೇಲೆ. ದಸರೆಯಿಂದ ದೀಪಾವಳಿಯವರೆಗಿನ ವಾರಗಳು ಅದಕ್ಕೆ ಸಾಕು.