ಹತ್ತಿರವೂ ನ್ಯಾಯವೂ

1854ರ ಕಾಲರಾ ಹಾವಳಿಯನ್ನು ವಿವರಿಸಲು ಲಂಡನ್ನಿನ ವೈದ್ಯ ಜಾನ್ ಸ್ನೋ, ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ನಕ್ಷೆಯಲ್ಲಿ ಗೆರೆ ಎಳೆದರು. ಅದರೊಳಗಿನವರಿಗೆ ನಡೆದುಹೋಗಲು ಆ ಪಂಪೇ ಹತ್ತಿರ. ರೋಗದ ಮೂಲ ಹಿಡಿಯಲು ಇದು ಸಾಕು. ಪಂಪಿನಂಥ ಬಿಂದುಗಳಿಗೆ ನೆಲವನ್ನು ಸಮನಾಗಿ ಹಂಚಲು ಸಾಲದು. ಬಿಂದುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುವಾಗ ಹತ್ತಿರವನ್ನಷ್ಟೇ ನೋಡಿದರೆ ಗುಂಪಿನಲ್ಲಿರುವುದಕ್ಕೆ ಗೇಣು ನೆಲ, ಒಂಟಿಯಾದದ್ದಕ್ಕೆ ಹೋಬಳಿಯಷ್ಟು.

ಸಮಪಾಲಿನ ದಾರಿ ಸಿಕ್ಕಿದ್ದು ಮದುವೆಯ ಲೆಕ್ಕದಲ್ಲಿ. ಸಿಕ್ಕ ಸಂಗಾತಿಯನ್ನು ಬಿಟ್ಟು ಪರಸ್ಪರ ಓಡಿಹೋಗಲು ಯಾವ ಇಬ್ಬರಿಗೂ ಮನಸ್ಸಾಗದಂತೆ ಜೋಡಿ ಕೂಡಿಸಬಹುದೆಂದು 1962ರಲ್ಲಿ ಗಣಿತಜ್ಞರಾದ ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ತೋರಿಸಿದರು. ಹೊಸ ವೈದ್ಯರ ಹಂಚಿಕೆಗೆ ಅಮೆರಿಕದ ಆಸ್ಪತ್ರೆಗಳು 1950ರ ದಶಕದಲ್ಲೇ ಹೆಚ್ಚುಕಡಿಮೆ ಇದೇ ಕ್ರಮ ಹಿಡಿದಿದ್ದವು. ಪಂಡಿತರಿಗಿಂತ ಆಸ್ಪತ್ರೆಯವರೇ ಮುಂದಿದ್ದರು! 2006ರಲ್ಲಿ ಗಣಿತಜ್ಞರಾದ ಹಾಫ್‌ಮನ್, ಹಾಲ್‌ರಾಯ್ಡ್, ಪೆರೆಸ್ ಈ ಜೋಡಿ ಲೆಕ್ಕವನ್ನು ಬಿಂದುಗಳಿಗೂ ನೆಲಕ್ಕೂ ಅನ್ವಯಿಸಿದರು. ಪ್ರತಿ ಬಿಂದುವಿನಿಂದ ಒಂದೇ ವೇಗದಲ್ಲಿ ವೃತ್ತ ಹಿಗ್ಗುತ್ತದೆ. ಖಾಲಿ ನೆಲ ಮೊದಲು ಮುಟ್ಟಿದ್ದಕ್ಕೆ. ಪಾಲು ತುಂಬಿದ್ದು ಅಲ್ಲೇ ನಿಲ್ಲುತ್ತದೆ. ಪಾಲು ಚೂರುಚೂರಾಗುತ್ತದೆಂಬ ಆಕ್ಷೇಪ ನಿಜವೇ: ಇಕ್ಕಟ್ಟಿನಲ್ಲಿರುವ ಬಿಂದುವಿನ ತುಣುಕು ನೆರೆಯ ಪಾಲಿನಾಚೆ ಬೀಳಬಹುದು. ಆದರೆ ಒಂದೇ ತುಂಡಾಗಿರಬೇಕೆನ್ನುವುದು ಅನುಕೂಲದ ಮಾತು. ವಿಸ್ತೀರ್ಣ ಎಲ್ಲಕ್ಕೂ ಒಂದೇ. ಅದಲುಬದಲು ಮಾಡೋಣವೆಂದರೆ ಒಪ್ಪುವ ಜೋಡಿ ಸಿಗುವುದಿಲ್ಲ. ಜೋಡಿ ಕೂಡಿಸುವ ಮೂಲ ಲೆಕ್ಕಕ್ಕಾಗಿ ಶಾಪ್ಲಿಗೆ 2012ರಲ್ಲಿ, ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಜೊತೆ, ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ 2008ರಲ್ಲೇ ತೀರಿಕೊಂಡಿದ್ದರು.