ಬಿಪಿ ನೋಡ್ತಾರೆ, ಶುಗರ್ ನೋಡ್ತಾರೆ, ಬಾಯಿ ಯಾಕೆ ನೋಡಲ್ಲ?

ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಮ್ಮನ ಬಿಪಿ, ಶುಗರ್ ಎರಡನ್ನೂ ತಪ್ಪದೆ ನೋಡ್ತಾರೆ. ಮಾತ್ರೆಯೂ ಪುಕ್ಕಟೆ. ಆದರೆ ಹೋದ ವರ್ಷ ದವಡೆ ಊದಿಕೊಂಡಾಗ ಅಲ್ಲಿ ಸಿಕ್ಕಿದ್ದು ನೋವಿನ ಮಾತ್ರೆ ಮತ್ತು 'ತಾಲ್ಲೂಕು ಆಸ್ಪತ್ರೆಗೆ ಹೋಗಿ' ಅನ್ನೋ ಮಾತು. ಅಷ್ಟರಲ್ಲಿ ಹಲ್ಲು ಉಳಿಸಿಕೊಳ್ಳುವ ಕಾಲ ಮೀರಿತ್ತು, ಕೀಳಿಸಿಕೊಂಡು ಬಂದರು. ಅಷ್ಟು ವರ್ಷ ಶುಗರ್ ನೋಡಿದವರು ಒಮ್ಮೆಯೂ ಬಾಯಿ ತೆರೆಸಿ ನೋಡಿರಲಿಲ್ಲ.

ಸಮಸ್ಯೆ ಎಷ್ಟು ದೊಡ್ಡದು?

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನ ಸುಮಾರು 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ಕಾಯಿಲೆ ಇದೆ. ಇದು ಬರೀ ಹಲ್ಲುನೋವಿನ ವಿಷಯ ಅಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಹಾಳಾಗುತ್ತೆ. ವಸಡು ಹಾಳಾದರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟ. ಗುಟ್ಕಾ, ಹೊಗೆಸೊಪ್ಪು ಜಗಿಯುವವರ ಬಾಯಲ್ಲಿ ಏಳುವ ಬಿಳಿ, ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಕ್ಯಾನ್ಸರಿನ ಮುನ್ಸೂಚನೆ ಆಗಿರಬಹುದು. ಅದನ್ನು ಗುರುತಿಸೋಕೆ ತರಬೇತಿ ಪಡೆದ ಕಣ್ಣು, ಒಂದು ಟಾರ್ಚ್ ಸಾಕು.

ಸರ್ಕಾರ ಏನು ಹೇಳುತ್ತೆ?

ಕಾಗದದ ಮೇಲೆ ಕೊರತೆಯಿಲ್ಲ. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು 2014-15ರಲ್ಲಿ. 2018ರ ಆಯುಷ್ಮಾನ್ ಭಾರತ್ ಅಡಿಯಲ್ಲಿ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಬಾಯಿಯ ಆರೈಕೆಯೂ ಒಂದು. 30 ವರ್ಷ ದಾಟಿದವರಿಗೆ ಬಾಯಿ ಕ್ಯಾನ್ಸರ್ ತಪಾಸಣೆಯೂ ಆಗಬೇಕು. ಆದರೆ ದಂತವೈದ್ಯರ ಹುದ್ದೆ ಸಾಮಾನ್ಯವಾಗಿ ಇರೋದು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದರ ಮೇಲಿನ ಆಸ್ಪತ್ರೆಗಳಲ್ಲಿ. ಬಯಲು ಪ್ರದೇಶದ ಮಾನದಂಡದಂತೆ ಪ್ರಾಥಮಿಕ ಕೇಂದ್ರ 30,000 ಜನರಿಗೊಂದು, ಸಮುದಾಯ ಕೇಂದ್ರ 1.2 ಲಕ್ಷ ಜನರಿಗೊಂದು. ಕೂಲಿ ಬಿಟ್ಟು, ಬಸ್ ಹತ್ತಿ, ಸರದಿಯಲ್ಲಿ ಕಾಯುವವರಿಗೆ ಈ ದೂರ ಸಣ್ಣದಲ್ಲ. ಹಾಗಾಗಿ ನೋವು ತಡೆಯಲಾರದ ಹಂತದವರೆಗೂ ಜನ ಮುಂದೂಡ್ತಾರೆ.

ಹಾಗಾದರೆ ದಾರಿ?

ಎಂಜಿನಿಯರಿಂಗ್ ಓದುವಾಗ ಕಲಿತ ಒಂದು ಪಾಠ ಇನ್ನೂ ನೆನಪಿದೆ: ಯಂತ್ರ ಕೆಟ್ಟು ನಿಂತ ಮೇಲಿನ ರಿಪೇರಿಗಿಂತ ಮೊದಲೇ ಮಾಡುವ ನಿರ್ವಹಣೆ ಅಗ್ಗ. ಹಲ್ಲಿಗೂ ಅದೇ ಲೆಕ್ಕ. ಹುಳುಕು ಮುಂದುವರಿಯದಂತೆ ತಡೆಯುವ ಸಿಲ್ವರ್ ಡೈಅಮೀನ್ ಫ್ಲೋರೈಡ್ ದ್ರಾವಣವನ್ನು ಹಚ್ಚೋಕೆ ಕರೆಂಟೂ ಬೇಡ, ಡ್ರಿಲ್ಲೂ ಬೇಡ. ಹುಳುಕಿನ ಜಾಗ ಕಪ್ಪಾಗುತ್ತೆ ಅನ್ನೋದೊಂದೇ ಅದರ ಮುಖ್ಯ ತೊಡಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಇದನ್ನೂ ಫ್ಲೋರೈಡ್ ಟೂತ್‌ಪೇಸ್ಟನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಬ್ರೆಜಿಲ್ 2004ರಿಂದ 'ನಗುವ ಬ್ರೆಜಿಲ್' ಕಾರ್ಯಕ್ರಮದಡಿ ಕುಟುಂಬ ಆರೋಗ್ಯ ತಂಡಗಳ ಜೊತೆಗೇ ದಂತ ತಂಡಗಳನ್ನು ವಿಸ್ತರಿಸಿತು. 2023ರಲ್ಲಿ ಅದನ್ನು ಕಾನೂನನ್ನಾಗಿಯೂ ಮಾಡಿತು.

ನಾಳೆಯೇ ಪ್ರತಿ ಕೇಂದ್ರಕ್ಕೂ ದಂತವೈದ್ಯರು ಬರಲಿ ಅಂತ ನಾನು ಕೇಳ್ತಿಲ್ಲ. ಶುಗರ್ ನೋಡುವ ದಿನವೇ ಬಾಯಿಯನ್ನೂ ನೋಡಲಿ. ಗರ್ಭಿಣಿಯರ, ಶಾಲಾ ಮಕ್ಕಳ ತಪಾಸಣೆಯಲ್ಲಿ ಹಲ್ಲಿಗೊಂದು ಕಾಲಂ ಇರಲಿ. ತಿಂಗಳಿಗೆ ಗೊತ್ತಾದ ಒಂದು ದಿನ ದಂತವೈದ್ಯರು ಕೇಂದ್ರಕ್ಕೇ ಬರಲಿ. ನಿಮ್ಮೂರಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ ನೋಡಿ: '12 ಸೇವೆಗಳಲ್ಲಿ ಬಾಯಿಯದ್ದು ಎಲ್ಲಿ?'